ಬರುವ ವಿಮಾನದ ಫೋಟೋ

ವಿಮಾನ ನೋಡುವುದಕ್ಕೆಂದೇ ಬಂದು ನಿಲ್ಲುವ ಜನರನ್ನು ಕಂಡರೆ ನಮ್ಮ ಕ್ಯಾಪ್ಟನ್ನರಿಗೆ ಆಗುತ್ತಿರಲಿಲ್ಲ. ಬೆಂಗಳೂರಿನ ಏರೋಡ್ರೋಮಿನ ಬೇಲಿಗೆ ಸೈಕಲ್ ಒರಗಿಸಿ, ಕತ್ತೆತ್ತಿಕೊಂಡು ನಿಂತವರು ದಿನವೂ ನಾಲ್ಕಾರು ಮಂದಿ ಇರುತ್ತಿದ್ದರು. ಅವರಲ್ಲಿ ಒಬ್ಬನ ಕೈಯಲ್ಲಿ ಕ್ಯಾಮೆರಾ ಇದ್ದರೆ ಮುಗಿಯಿತು, ಕ್ಯಾಪ್ಟನ್ನರು ಅವತ್ತಿಡೀ ಗೊಣಗುತ್ತಿದ್ದರು. ಹಾರುವ ಮೊದಲು ಫೋಟೋ ತೆಗೆದರೆ ಅದೇ ಕೊನೆಯ ಫೋಟೋ ಆಗುತ್ತದೆಂದು ಅವರ ನಂಬಿಕೆ. ಇಳಿದ ಮೇಲೆ ಎಷ್ಟು ಬೇಕಾದರೂ ತೆಗೆಯಲಿ, ಹತ್ತುವ ಮೊದಲು ಕೂಡದು. "ಈ ಜನ ಕಾಯುತ್ತಿರುವುದು ನಾವು ಹಾರಲಿ ಎಂದಲ್ಲ, ಬೀಳಲಿ ಎಂದು" ಎಂದು ಇಂಗ್ಲಿಷಿನಲ್ಲಿ ಬಯ್ಯುತ್ತಿದ್ದರು.

ಎಲ್ಲ ಪೈಲಟ್‌ಗಳೂ ಹೀಗಿದ್ದರೆಂದು ಹೇಳಲಾರೆ. ಕೆಲವರು ಬೇಲಿಯ ಕಡೆ ಕೈಬೀಸುತ್ತಿದ್ದರು. ಒಬ್ಬರಂತೂ ಕ್ಯಾಮೆರಾ ಕಂಡ ಕೂಡಲೇ ಟೋಪಿ ಸರಿಮಾಡಿಕೊಂಡು ನಡಿಗೆಯನ್ನೇ ಬದಲಿಸುತ್ತಿದ್ದರು. ನಾನು ಆಗ ಹೊಸ ಕೋ-ಪೈಲಟ್. ನಮ್ಮ ಕ್ಯಾಪ್ಟನ್ನರು ಬಯ್ದಾಗಲೆಲ್ಲ ತಲೆಯಾಡಿಸಿ ಹೌದೆನ್ನುತ್ತಿದ್ದೆ. ಅಂಥ ಕೆಲಸವಿಲ್ಲದವರಲ್ಲಿ ಅಗ್ರಗಣ್ಯ ಎನ್ನಿಸಿಕೊಳ್ಳಬಹುದಾದವನು ಗುಬ್ಬಿಯಲ್ಲಿರುವ ನನ್ನ ಸೋದರಮಾವನೇ ಎಂಬುದನ್ನು ಮಾತ್ರ ಹೇಳಿರಲಿಲ್ಲ.

ಮಾವ ಎಂದರೆ ಅಮ್ಮನ ತಮ್ಮ. ಗುಬ್ಬಿಯ ಪೇಟೆ ಬೀದಿಯಲ್ಲಿ, ಒಂದು ಕೊಬ್ಬರಿ ಮಂಡಿಯ ಪಕ್ಕ ಅವನ ಫೋಟೋ ಸ್ಟುಡಿಯೋ ಇತ್ತು. ಅಪ್ಪ ಬೇಗ ತೀರಿಕೊಂಡ ಮೇಲೆ ನಮ್ಮ ಮನೆಗೆ ಗಂಡಸು ಎಂದಿದ್ದವನು ಅವನೊಬ್ಬನೇ. ಮೂಗಿನ ತುದಿಯಲ್ಲೇ ಕೋಪ, ಮನಸ್ಸು ಬೆಣ್ಣೆ. ನನಗೂ ಆ ಕೋಪವೇ ಬಂದಿದೆ, ಬೆಣ್ಣೆ ಎಷ್ಟು ಬಂತೋ ಗೊತ್ತಿಲ್ಲ.

ನಮ್ಮ ಮನೆಯಲ್ಲಿ ಹೊರಟವರು 'ಹೋಗ್ತೀನಿ' ಅನ್ನಬಾರದು, 'ಬರ್ತೀನಿ' ಅನ್ನಬೇಕು. ಹೊರಟವರನ್ನು ಹಿಂದಿನಿಂದ ಕೂಗಬಾರದು. ಹೊರಟವರು ತಿರುಗಿ ನೋಡಬಾರದು, ಅರ್ಧ ದಾರಿಯಿಂದ ತಿರುಗಿ ಬರಬಾರದು. ಇವೆಲ್ಲ ಎಷ್ಟೋ ಮನೆಗಳಲ್ಲಿ ಇದ್ದದ್ದೇ. ಮಾವ ಇದನ್ನು ಕ್ಯಾಮೆರಾದೊಳಕ್ಕೂ ತಂದಿದ್ದ. ಹೋಗುತ್ತಿರುವವರ ಬೆನ್ನಿನ ಫೋಟೋ ಅವನು ತೆಗೆಯುತ್ತಿರಲಿಲ್ಲ. ಮದುವೆಮನೆಯಲ್ಲಿ ಹೆಣ್ಣು ಒಪ್ಪಿಸಿ ಕಳಿಸುವಾಗ ಬೇರೆಯವರಾದರೆ ಬಸ್ಸಿನ ಬಾಗಿಲ ಹಿಂದೆ ನಿಂತು ಕ್ಲಿಕ್ಕಿಸುತ್ತಾರೆ. ಇವನು ಬಸ್ಸನ್ನು ಸುತ್ತಿಕೊಂಡು ಓಡಿ, ಡ್ರೈವರನ ಮುಂದೆ ಅಡ್ಡ ನಿಂತು, ಅಳುತ್ತಿದ್ದ ಹುಡುಗಿಯನ್ನು ಮುಂದಿನ ಗಾಜಿನ ಹತ್ತಿರ ಕರೆಸಿ ತೆಗೆಯುತ್ತಿದ್ದ. ಕುಣಿಗಲ್ಲಿನ ಕಡೆ ಕುದುರೆ ಓಡುವುದನ್ನು ತೆಗೆಯಲು ಹೋದಾಗಲೂ ಎದುರಿಗೇ ನಿಂತು, ಕೊನೆಗೆ ಬೇಲಿಯೊಳಕ್ಕೆ ಹಾರಿ ಮೊಣಕಾಲು ತರಚಿಕೊಂಡು ಬಂದಿದ್ದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನನ್ನನ್ನು ಬೆಂಗಳೂರು–ಬೆಳಗಾವಿ ದಾರಿಗೆ ಹಾಕಿದರು. ಎರಡು ಫ್ಯಾನಿನ ಸಣ್ಣ ವಿಮಾನ. ಬೆಳಿಗ್ಗೆ ಹೋಗಿ ಸಂಜೆ ವಾಪಸ್. ಎರಡು ಸಲವೂ ನಮ್ಮೂರ ಮೇಲೇ ಹಾದುಹೋಗುತ್ತಿದ್ದೆವು. ಸಂಜೆ ಬರುವಾಗ ಮೇಲಿನಿಂದ ನೋಡಿದರೆ ಮೊದಲು ನಿಟ್ಟೂರಿನ ರೈಲು ಹಳಿ, ಆಮೇಲೆ ತೆಂಗಿನ ತೋಟಗಳು, ಆಮೇಲೆ ಗುಬ್ಬಿ ಕೆರೆ. ನಾನು ಹುಟ್ಟಿದ ಮನೆಯನ್ನು ಹೆಬ್ಬೆರಳಲ್ಲಿ ಮುಚ್ಚಬಹುದಿತ್ತು.

ಈ ಸುದ್ದಿ ತಿಳಿದದ್ದೇ ತಡ, ಮಾವ ಮರಳೂರಿನ ಗೆಳೆಯನೊಬ್ಬನಿಂದ ಉದ್ದದ ಲೆನ್ಸ್ ಎರವಲು ತಂದ. ಸೋದರಳಿಯ ಓಡಿಸುವ ವಿಮಾನದ ಒಂದು ಚೆಂದದ ಫೋಟೋ ತೆಗೆದು ಸ್ಟುಡಿಯೋದ ಮುಂದಿನ ಗಾಜಿನ ಶೋಕೇಸಿನಲ್ಲಿ ಇಡಬೇಕು, ರೆಕ್ಕೆಯ ಕೆಳಗಿನ ಅಕ್ಷರ ಓದುವಂತಿರಬೇಕು ಎಂಬುದು ಅವನ ಹಠ. ಪಕ್ಕದ ಮಂಡಿಯವರು ಬೇರೆ ಕೆಣಕುತ್ತಿದ್ದರು. "ನಿನ್ ಅಳಿಯ ಅದರಾಗೆ ಕಂಡಕ್ಟ್ರು ಇರ್ಬೇಕು ಕಣಪ್ಪ, ಡ್ರೈವರ್ ಆದ್ರೆ ಒಂದ್ ಸಲ ಆದ್ರೂ ಹಾರನ್ ಹೊಡೀತಿರ್ಲಿಲ್ವಾ" ಅನ್ನುತ್ತಿದ್ದರು.

ಸುಮಾರು ಎರಡು ವರ್ಷ ಮಾವ ಕೆರೆ ಏರಿಯ ಮೇಲೆ ನಿಂತ. ಎಷ್ಟು ರೋಲು ತೊಳೆದನೋ. ಪ್ರತಿಯೊಂದರಲ್ಲೂ ಬೆಳ್ಳನೆಯ ಆಕಾಶದಲ್ಲಿ ಒಂದು ಕಪ್ಪು ಆಕಾರ. ವಿಮಾನವೂ ಆಗಬಹುದು, ಹದ್ದೂ ಆಗಬಹುದು. ಕಾರಣ ಸರಳ. ಬೆಳಿಗ್ಗೆ ನಾವು ತುಮಕೂರಿನ ಕಡೆಯಿಂದ ಬರುತ್ತಿದ್ದೆವು, ಸೂರ್ಯ ನಮ್ಮ ಬೆನ್ನ ಹಿಂದೆ. ಸಂಜೆ ನಿಟ್ಟೂರಿನ ಕಡೆಯಿಂದ ಬರುತ್ತಿದ್ದೆವು, ಆಗಲೂ ಸೂರ್ಯ ಬೆನ್ನ ಹಿಂದೆಯೇ. ಬರುವ ವಿಮಾನವನ್ನು ತೆಗೆಯುವವನಿಗೆ ಎರಡು ಹೊತ್ತೂ ಬಿಸಿಲು ಕಣ್ಣಿಗೇ ಹೊಡೆಯುತ್ತಿತ್ತು.

ರಜೆಗೆ ಊರಿಗೆ ಹೋದಾಗ ನಾನು ದೊಡ್ಡ ಬುದ್ಧಿವಂತನಂತೆ ಹೇಳಿದೆ. "ಮಾವ, ವಿಮಾನ ತಲೆ ಮೇಲಿಂದ ದಾಟ್ಲಿ. ಆಮೇಲೆ ಹಿಂದಕ್ಕೆ ತಿರುಗಿ ತೆಗಿ. ಬೆಳಕು ಪೂರ್ತಿ ಸಿಗ್ತದೆ."

ಅವನ ಮುಖ ಕೆಂಪಾಯಿತು. "ಸೂರ್ಯ ಎಲ್ಲಿರ್ತಾನೆ ಅಂತ ನಂಗೆ ಹೇಳ್ಕೊಡ್ತೀಯೇನ್ಲಾ? ನೀನು ಚಡ್ಡಿ ಹಾಕ್ಕೊಳ್ಳೋಕೆ ಮುಂಚೆಯಿಂದ ಬೆಳಕು ಅಳ್ದಿದೀನಿ. ಅದು ನಂಗೆ ಮೊದಲ್ನೇ ದಿನಾನೇ ಗೊತ್ತು."

"ಮತ್ತೆ ಯಾಕೆ ತೆಗಿಯಲ್ಲ?"

"ಅದರಾಗೆ ನೀನು ಕೂತಿರ್ತೀಯ ಕಣೋ. ಹೋಗೋದನ್ನ ಹೆಂಗ್ ತೆಗೀಲಿ."

ನನಗೆ ಸಿಟ್ಟು ಬಂತು. ಇಪ್ಪತ್ತನೆಯ ಶತಮಾನ, ಸುಡುಗಾಡು ಎಂದು ಏನೇನೋ ಭಾಷಣ ಬಿಗಿದೆ. ಅಮ್ಮ ಒಳಗಿನಿಂದ, "ಅವನ ಪಾಡಿಗೆ ಅವನನ್ನ ಬುಡು" ಅಂದಳು. ಬಿಟ್ಟೆ.

ಫೋಟೋ ಬರದಿದ್ದರೂ ತಾನು ನಿಂತಿರುವುದು ನನ್ನ ಗಮನಕ್ಕಾದರೂ ಬರಲಿ ಎಂದು ಮಾವ ಇನ್ನೊಂದು ಉಪಾಯ ಹೂಡಿದ. ಸ್ಟುಡಿಯೋದಲ್ಲಿ ಗಿರಾಕಿಗಳು ತಲೆ ಬಾಚಿಕೊಳ್ಳುವ ಕನ್ನಡಿಯನ್ನು ಗೋಡೆಯಿಂದ ಕಿತ್ತು ಏರಿಗೆ ಹೊತ್ತು ತಂದು, ಸಂಜೆ ಬಿಸಿಲನ್ನು ನಮ್ಮ ಕಡೆ ತಿರುಗಿಸತೊಡಗಿದ. ಒಂದು ಸಂಜೆ ಕೆಳಗಿನಿಂದ ಫಳ್ಳನೆ ಬೆಳಕು ಬಂದಾಗ ಕ್ಯಾಪ್ಟನ್ನರು ಕಣ್ಣು ಕಿರಿದು ಮಾಡಿ, ಅದು ಯಾವ ಮೂರ್ಖ ಎಂದು ಕೇಳಿದರು.

"ನಮ್ಮ ಮಾವ, ಸರ್" ಎಂದೆ. ಆಮೇಲೆ ಎಲ್ಲವನ್ನೂ ಒಪ್ಪಿಸಿದೆ. ಕಪ್ಪು ಫೋಟೋಗಳು, ಬೆನ್ನಿನ ಶಾಸ್ತ್ರ, ಮಂಡಿಯವರ ಕೀಟಲೆ, ಎಲ್ಲ.

ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. "ನಿನ್ನ ಮಾವ ಸರಿಯಾಗಿಯೇ ಹೇಳಿದ್ದಾನೆ" ಎಂದರು. ಆಗ ನನಗೆ ಹೊಳೆಯಿತು, ಹತ್ತುವ ಮೊದಲು ಫೋಟೋ ಬೇಡ ಎನ್ನುವವರಿಗೂ ಹೋಗುವಾಗ ಫೋಟೋ ಬೇಡ ಎನ್ನುವವನಿಗೂ ಗುರು ಒಬ್ಬನೇ. ಮಾರನೆಯ ಸಂಜೆ ನಿಟ್ಟೂರು ದಾಟುತ್ತಿದ್ದ ಹಾಗೆ ಕ್ಯಾಪ್ಟನ್ನರು ತಾವೇ ಕೈಚಾಚಿ, ಇಳಿಯುವಾಗ ಹಾಕುವ ದೊಡ್ಡ ದೀಪಗಳನ್ನು ಒಂದು ಕ್ಷಣ ಹಾಕಿ ಆರಿಸಿದರು. ಕೆಳಗೆ ಕನ್ನಡಿ ಹುಚ್ಚು ಹಿಡಿದಂತೆ ಕುಣಿಯಿತು. ಅಂದಿನಿಂದ ಅದು ದಿನದ ಪದ್ಧತಿಯಾಯಿತು. ಮೋಡವಿದ್ದು ಕನ್ನಡಿ ಕಾಣದ ದಿನ ನನಗಿಂತ ಹೆಚ್ಚಾಗಿ ಅವರೇ ಕಿಟಕಿಗೆ ಬಾಗಿ ಹುಡುಕುತ್ತಿದ್ದರು. ಬೇಲಿಯ ಹತ್ತಿರದ ಸೈಕಲ್ಲಿನವರನ್ನು ಬಯ್ಯುವುದೂ ಕಡಿಮೆಯಾಯಿತು. ಒಂದು ದಿನ ಅವರಲ್ಲೊಬ್ಬನಿಗೆ ಕೈ ಎತ್ತಿದ್ದನ್ನು ನಾನೇ ಕಂಡೆ. ಇಳಿದ ಮೇಲೆಯೇ ಅನ್ನಿ.

ಅಷ್ಟರಲ್ಲಿ ನನಗೆ ದೊಡ್ಡ ಜೆಟ್ ವಿಮಾನದ ತರಬೇತಿಗೆ ಹೋಗಲು ಆರ್ಡರ್ ಬಂತು. ಆಮೇಲೆ ಕೆಲಸ ಬೊಂಬಾಯಿಯಿಂದ. ಗುಬ್ಬಿಯ ಮೇಲೆ ಇನ್ನು ಹಾರುವುದಿಲ್ಲ. ಕೊನೆಯ ದಿನ ಯಾವತ್ತೆಂದು ಮಾವನಿಗೆ ಕಾಗದ ಬರೆದೆ. ಅವನಿಂದ ಒಂದೇ ಸಾಲಿನ ಕಾರ್ಡು ಬಂತು: 'ಅವತ್ತು ಸಿಗದಿದ್ದರೆ ಇನ್ನು ಸಿಗುವುದಿಲ್ಲ.' ಅದನ್ನು ಕ್ಯಾಪ್ಟನ್ನರಿಗೆ ಓದಿ ಹೇಳಿದೆ.

ಆ ಸಂಜೆ ಆಕಾಶ ತೊಳೆದಿಟ್ಟಂತಿತ್ತು. ನಾವು ಇಳಿಯುತ್ತ ಬಂದು ಸಾಕಷ್ಟು ಕೆಳಗಿದ್ದೆವು. ನಿಟ್ಟೂರಿನ ಹತ್ತಿರ ಬೆಂಗಳೂರಿನವರು ರೇಡಿಯೋದಲ್ಲಿ, ರನ್‌ವೇ ಖಾಲಿಯಿಲ್ಲ, ಇರುವಲ್ಲೇ ಎರಡು ಸುತ್ತು ಹಾಕಿ ಬನ್ನಿ ಎಂದರು. ಕ್ಯಾಪ್ಟನ್ನರು ನನ್ನ ಮುಖ ನೋಡಿದರು. ಸುತ್ತು ಎಲ್ಲಿ ಹಾಕಿದರೇನು. ಕೆರೆ ದಾಟಿದ ಮೇಲೆ ವಿಮಾನವನ್ನು ನಿಧಾನವಾಗಿ ವಾಲಿಸಿ ತಿರುಗಿಸಿದರು. ಈಗ ನಾವು ತುಮಕೂರಿನ ಕಡೆಯಿಂದ ಕೆರೆಯತ್ತ ಬರುತ್ತಿದ್ದೆವು. ಇಳಿಬಿಸಿಲು ಪೂರ್ತಿ ನಮ್ಮ ಮುಖಕ್ಕೆ. ಏರಿಯ ಮೇಲೆ ನಿಂತವನಿಗೆ ಸೂರ್ಯ ಅವನ ಬೆನ್ನಿಗೆ, ವಿಮಾನ ಅವನ ಎದುರಿಗೆ, ಅದೂ ಬರುತ್ತಿರುವ ವಿಮಾನ. ಎರಡು ವರ್ಷ ಕಾದದ್ದು ಕೈಗೇ ಬಂದಿತ್ತು. ದೀಪಗಳನ್ನೂ ಹಾಕಿದರು. ಹಾಗೆ ಎರಡು ಸಲ. ಕನ್ನಡಿ ಮಾತ್ರ ಯಾಕೋ ಮಿನುಗಲಿಲ್ಲ. ಕ್ಯಾಮೆರಾ ಹಿಡಿದಿರುತ್ತಾನೆ, ಕನ್ನಡಿ ಹಿಡಿಯಲು ಮೂರನೆಯ ಕೈಯೇ ಎಂದು ಸಮಾಧಾನ ಮಾಡಿಕೊಂಡೆ.

ಭಾನುವಾರ ಬಸ್ಸಿಳಿದವನೇ ಸ್ಟುಡಿಯೋಕ್ಕೆ ಓಡಿದೆ. "ಎಲ್ಲಿ ಮಾವ ಫೋಟೋ?"

"ನೀವು ಸುತ್ತಿದ್ದು ಬರಲಿಲ್ಲ ಕಣೋ" ಎಂದ.

"ಬರಲಿಲ್ಲ ಅಂದ್ರೆ?"

ಹೇಳಿದ್ದು ಅಲ್ಲೇ ಕೂತಿದ್ದ ಅಮ್ಮ. ಅವತ್ತು ಅವಳೂ ಕನ್ನಡಿ ಹಿಡಿಯಲು ಏರಿಗೆ ಹೋಗಿದ್ದಳು. "ನಿನ್ ಇಮಾನ ಹೋಗ್ತಾ ಹೋಗ್ತಾ ವಾಪಸ್ ತಿರುಗ್ತು ನೋಡು, ಇವನ ಕೈಕಾಲೇ ತಣ್ಣಗಾಗೋಯ್ತು. ಹೊರಟೋನು ಅರ್ಧ ದಾರೀಲಿ ತಿರುಗಿದ ಅಂದ್ರೆ ಏನೋ ಕೆಟ್ಟಿರ್ಬೇಕು ಅಂದ. ಕ್ಯಾಮರಾ ನೆಲದ ಮ್ಯಾಲೆ ಮಡಗಿ ಕೈ ಮುಗ್ಕೊಂಡು ನಿಂತ್ಬುಟ್ಟ. ನಂಗೂ ಕನ್ನಡಿ ಎತ್ತೋಕೆ ಆಗ್ಲಿಲ್ಲ."

ನನ್ನ ಸಿಟ್ಟು ನೆತ್ತಿಗೇರಿತು. "ನಿಂಗೋಸ್ಕರ ಸುತ್ತಿದ್ದು ಮಾವ. ಅಷ್ಟು ದೊಡ್ಡ ಮನುಷ್ಯ ನಿಂಗೋಸ್ಕರ ದೀಪ ಹಾಕಿದ್ರು. ಎರಡ್ ಸಲ ಎದುರಿಗೆ ಬಂದ್ವಿ. ಒಂದ್ ಸಲ ಬೆರಳು ಒತ್ತೋಕೆ ಏನಾಗಿತ್ತು?"

ಮಾವ ಎಂದೂ ದನಿ ತಗ್ಗಿಸಿದವನಲ್ಲ. ಅವತ್ತು ತಗ್ಗಿಸಿದ. "ಆಗ ಫೋಟೋ ಯಾರಿಗೆ ಬೇಕಿತ್ತು. ನೀನು ಬೇಕಿತ್ತು."

ಅವನು ಒಳಗೆ ಹೋಗಿ ಒಂದು ಪ್ರಿಂಟು ತಂದು ಮೇಜಿನ ಮೇಲಿಟ್ಟ. ನಮ್ಮದೇ ವಿಮಾನ. ಎರಡು ಎಂಜಿನ್ನಿನ ಹೊಗೆಕೊಳವೆ, ಬಾಲ, ರೆಕ್ಕೆಯ ಕೆಳಗಿನ ಒಂದೊಂದು ಅಕ್ಷರವೂ ಬಿಸಿಲಿನಲ್ಲಿ ಕಾಣುತ್ತಿದ್ದವು. ಮೂಗು ಕೆಳಕ್ಕೆ, ಬೆಂಗಳೂರಿನ ದಿಕ್ಕಿಗೆ. ಕೆಳಗಿನ ಮೂಲೆಯಲ್ಲಿ ತೆಂಗಿನ ಸೋಗೆಯ ತುದಿಯೊಂದು ಮಸುಕಾಗಿ ಬಂದಿತ್ತು. ಸುತ್ತು ಮುಗಿಸಿ ನಾವು ನೇರ ಹೊರಟಾಗ, ಹೊಗೆ ಬರುತ್ತಿದೆಯೋ, ಎರಡು ಫ್ಯಾನೂ ತಿರುಗುತ್ತಿವೆಯೋ ನೋಡಲೆಂದು ಮಾವ ಉದ್ದದ ಲೆನ್ಸನ್ನು ಕಣ್ಣಿಗೆ ಹಚ್ಚಿದ್ದನಂತೆ. ವಿಮಾನ ಕಣ್ಮರೆಯಾಗುವವರೆಗೂ ಅದನ್ನು ಕಣ್ಣಿನಿಂದ ಇಳಿಸಲಿಲ್ಲವಂತೆ.

"ನಾನ್ ಒತ್ಲಿಲ್ಲ ಕಣೋ. ಬೆರಳು ಒತ್ತಿಬುಡ್ತು" ಎಂದ, ತಪ್ಪು ಮಾಡಿದವನಂತೆ. ನಾನು ಅವನ ಕೈ ಹಿಡಿದುಕೊಂಡೆ. ನಮ್ಮಲ್ಲಿ ಗಂಡಸರು ಕೈ ಹಿಡಿದುಕೊಳ್ಳುವುದು ಕಡಿಮೆ. ಇಬ್ಬರಿಗೂ ಮುಜುಗರವಾಗಿ ಬೇಗ ಬಿಟ್ಟೆವು.

ಒಂದು ಪ್ರತಿಯನ್ನು ಕ್ಯಾಪ್ಟನ್ನರಿಗೆ ಕೊಟ್ಟೆ, ಕೆಳಗೆ ನಡೆದದ್ದನ್ನೂ ಹೇಳಿದೆ. ಬಹಳ ಹೊತ್ತು ನೋಡಿದರು. "ಮೂವತ್ತು ವರ್ಷದಿಂದ ಹಾರುತ್ತಿದ್ದೇನೆ, ಕೆಳಗೆ ನಿಂತವರು ಹೀಗೂ ನೋಡುತ್ತಾರೆಂದು ನನಗೆ ತಿಳಿದಿರಲಿಲ್ಲ" ಎಂದು ಹೇಳಿ, ಅದನ್ನು ತಮ್ಮ ಚೀಲದಲ್ಲಿ ಮ್ಯಾಪುಗಳ ನಡುವೆ ಇಟ್ಟುಕೊಂಡರು.

ಇನ್ನೊಂದು ಪ್ರತಿ ಕಟ್ಟು ಹಾಕಿಸಿಕೊಂಡು ಶೋಕೇಸಿಗೆ ಹೋಯಿತು. ಎಂಬತ್ತರ ದಶಕದಲ್ಲಿ ನಾನು ಬೊಂಬಾಯಿಯಿಂದ ಕಾಗದ ಬರೆದು ತಿಳಿಸಿ ರಜೆಗೆ ಬಂದಾಗಲೆಲ್ಲ ಅದನ್ನು ನೋಡುತ್ತಿದ್ದೆ. ಮೂಗು ಕೆಳಗೆ, ಸೋಗೆ ಕೆಳಗೆ. ಮಾವ ಕೊನೆಗೂ ಶಾಸ್ತ್ರ ಬಿಟ್ಟನಲ್ಲ ಎಂದು ಒಳಗೊಳಗೇ ಬೀಗುತ್ತಿದ್ದೆ.

ಒಂದು ಸಲ ಯಾರಿಗೂ ತಿಳಿಸದೆ ಬಂದೆ. ಬೆಂಗಳೂರಿನಲ್ಲಿ ಒಂದು ದಿನ ಬಿಡುವು ಸಿಕ್ಕಿತ್ತು, ಮಧ್ಯಾಹ್ನದ ಬಸ್ಸು ಹಿಡಿದೆ. ಸ್ಟುಡಿಯೋದ ಮುಂದೆ ನಿಂತು ನೋಡಿದರೆ ಫೋಟೋ ತಲೆಕೆಳಗಾಗಿತ್ತು. ವಿಮಾನ ಮೂಗು ಮೇಲೆತ್ತಿ, ಎದುರಿನಿಂದ ಏರಿ ಬರುತ್ತಿರುವಂತೆ ಕಾಣುತ್ತಿತ್ತು. ಆಕಾಶಕ್ಕೆ ಮೇಲು ಕೆಳಗು ಎಲ್ಲಿದೆ, ತಿಳಿಯದವರಿಗೆ ಅದೇ ಸರಿ ಅನ್ನಿಸಬೇಕು. ಆದರೆ ತೆಂಗಿನ ಸೋಗೆ ಆಕಾಶದಿಂದ ಇಳಿದಿತ್ತು, ಅದರ ಗರಿಗಳು ಮೇಲಕ್ಕೆ ಬಾಗಿದ್ದವು. ಗುಬ್ಬಿಯಲ್ಲಿ ಇದು ಯಾರ ಕಣ್ಣಿಗೂ ಬೀಳದೆ ಇರುವುದು ಸಾಧ್ಯವಿಲ್ಲ.

"ಮಾವ, ಫೋಟೋ ಉಲ್ಟಾ ಇಟ್ಟಿದೀಯ" ಎಂದೆ.

ನನ್ನನ್ನು ಕಂಡು ಅವನು ಗಾಬರಿಯಾದ. ಗಾಜು ಸರಿಸಿ, ಕಟ್ಟನ್ನು ಹೊರಗೆ ತೆಗೆದು, ಪಂಚೆಯಲ್ಲಿ ಒರೆಸುವವನಂತೆ ನಟಿಸತೊಡಗಿದ. ಮಂಡಿಯ ಜಗುಲಿಯಿಂದ ಯಜಮಾನರು ನಕ್ಕರು.

"ಉಲ್ಟಾ ಅಲ್ಲ ಕಣಪ್ಪ. ನೀನು ಊರು ಬಿಟ್ಟ ದಿವ್ಸ ಹಂಗೆ ತಿರುಗಿಸ್ತಾನೆ, ನೀನು ಬತ್ತೀಯ ಅಂತ ಕಾಗದ ಬಂದ್ರೆ ನೆಟ್ಟಗೆ ಮಾಡ್ತಾನೆ. ಏಳೆಂಟು ವರ್ಸದಿಂದ ಇದೇ ಕತೆ. ಸೋಗೆ ನೋಡ್ಕಂಡೇ ನಾವು ನೀನು ಊರಾಗಿದೀಯೋ ಇಲ್ವೋ ಅಂತ ತಿಳ್ಕಳದು."

ಮಾವ ನನ್ನ ಮುಖ ನೋಡಲಿಲ್ಲ. ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೇಳಿದ. "ಇವತ್ತು ಇರ್ತೀಯೇನ್ಲಾ?"

"ಇರ್ತೀನಿ ಮಾವ. ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಹೊರಡ್ಬೇಕು."

ಅವನು ಫೋಟೋವನ್ನು ನೆಟ್ಟಗೆ ಮಾಡಿ ಇಟ್ಟು ಗಾಜು ಎಳೆದ.

ಬೆಳಿಗ್ಗೆ ಅಮ್ಮನಿಗೆ ಬರ್ತೀನಿ ಎಂದು ಹೇಳಿ ಹೊರಟೆ. ಮಾವ ಬಸ್ ಸ್ಟ್ಯಾಂಡಿಗೆ ಬರಲಿಲ್ಲ, ಸ್ಟುಡಿಯೋದ ಬಾಗಿಲಲ್ಲೇ ನಿಂತಿದ್ದ. ಅವನಿಗೂ ಬರ್ತೀನಿ ಎಂದೆ. ಬಸ್ಸು ಪೇಟೆ ಬೀದಿಯ ಮೇಲೇ ಹಾದುಹೋಗಬೇಕು. ತಿರುಗಿ ನೋಡಬಾರದೆಂದು ಗೊತ್ತಿದ್ದೂ ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೋಡಿದೆ. ಮಾವ ಆಗಲೇ ಶೋಕೇಸಿನ ಗಾಜು ಸರಿಸಿ, ಒಳಕ್ಕೆ ಕೈ ಹಾಕಿ, ಫೋಟೋ ತಿರುಗಿಸುತ್ತಿದ್ದ.