ಬಟಾಣಿ ಪಕ್ಕದ ಜಿಪಿಎಸ್

ಹೋದ ತಿಂಗಳು ನಮ್ಮ ಫ್ರೀಜರಿನಲ್ಲಿ ಬಟಾಣಿ ಪ್ಯಾಕೆಟ್ಟಿಗೆ ಒರಗಿಕೊಂಡು ಒಂದು ಜಿಪಿಎಸ್ ಯಂತ್ರ ಕೂತಿತ್ತು. ಇಟ್ಟವಳು ನಾನೇ. ಗಾಬರಿ ಬೇಡ, ತಲೆ ನೆಟ್ಟಗಿದೆ.

ನಮ್ಮ ಯಜಮಾನರು ವಾಡಿಯ ಗಣಿಗಳಲ್ಲಿ ಸರ್ವೆ ಮಾಡಿ ನಿವೃತ್ತರಾದವರು. ಅಂಗೈಯಗಲದ ಆ ಯಂತ್ರವೆಂದರೆ ಪಂಚಪ್ರಾಣ. (ಗಣಿಯ ಮೂಲೆಮೂಲೆಯ ಅಕ್ಷಾಂಶ ಬಾಯಿಪಾಠ, ನನ್ನ ಫೋನ್ ನಂಬರ್ ಮಾತ್ರ ನೋಡಿ ಹೇಳುತ್ತಾರೆ.) ಈ ಚಳಿಗಾಲ ಶಹಾಬಾದಿನ ಗೆಳೆಯ ರಶೀದಭಾಯಿ ಜೊತೆ ಹಿಮಾಲಯದ ಟ್ರೆಕ್ಕಿಂಗ್‌ಗೆ ಹೊರಡಲು ಅಣಿಯಾದರು. ದಾರಿ ತೋರಿಸುವ ಹೊಣೆ ಇವರದು.

ನನಗೂ ಆಸೆ. ಕಾನ್ವೆಂಟಿನಲ್ಲಿ ಹಿಮದ ಮೇಲೆ ಎಷ್ಟೊಂದು ಪದ್ಯ ಕಂಠಪಾಠ ಮಾಡಿದ್ದೆ! ಸೇಡಂ ಸೇರಿದ ಮೇಲೆ ಹಿಮ ಕಂಡದ್ದು ಫ್ರಿಜ್ ಡಿಫ್ರಾಸ್ಟ್ ಮಾಡುವಾಗಲಷ್ಟೇ.

"ನಾನೂ ಬರ್ತೀನ್ರಿ" ಅಂದೆ.

"ಚಿಂಚೋಳಿ ಕಾಡಿಗೆ ಹೋದಾಗ ಸ್ವೆಟರ್ ಮ್ಯಾಲ ಶಾಲು, ಶಾಲಿನ ಮ್ಯಾಲ ನನ್ನ ಟಾವೆಲ್ ಹೊದ್ಕೊಂಡು ಕುಂತಿದ್ದಿ. ಬರ್ಫದಾಗ ನೀ ಏನ್ ನಡೀತಿ?"

"ನನ್ನ ಬಿಡ್ರಿ. ನಿಮ್ಮ ಯಂತ್ರ ನಡೀತದೇನು?"

"ವಾಡಿ ಬಿಸಿಲಾಗ ನಡದದ. ಥಂಡಿ ಅದಕ್ಕ ಯಾವ ಲೆಕ್ಕ?"

ಯಂತ್ರದ ಜೊತೆ ಬಂದ ಪುಸ್ತಿಕೆಯನ್ನು ಇವರು ಓದಿರಲಿಲ್ಲ. ನಾನು ಓದಿದ್ದೆ. ಕಡುಚಳಿಯಲ್ಲಿ ಸಾಮಾನ್ಯ ಸೆಲ್ ಬೇಗ ಸೋಲುತ್ತದೆ, ಲಿಥಿಯಂ ಸೆಲ್ ಬಳಸಿ, ಯಂತ್ರವನ್ನು ಮೈಗೆ ತಾಗುವ ಒಳಜೇಬಿನಲ್ಲಿ ಬೆಚ್ಚಗಿಡಿ ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಲಿಥಿಯಂ ಸೆಲ್ಲನ್ನೇನೋ ಇವರು ತಂದು ಹಾಕಿದ್ದರು, ಅಂಗಡಿಯವನ ಮಾತು ಕೇಳಿ. ಉಳಿದದ್ದು ಗೊತ್ತಿಲ್ಲ.

ನಾನು ಪಂದ್ಯ ಕಟ್ಟಿದೆ. ಯಂತ್ರ ಒಂದು ತಾಸು ಫ್ರೀಜರಿನಲ್ಲಿರಲಿ. ಬದುಕಿದರೆ ನೀವಿಬ್ಬರೇ ಹೋಗಿ. ಕೈಕೊಟ್ಟರೆ ನಾನು ಬರುತ್ತೇನೆ, ಅದನ್ನು ಸ್ವೆಟರಿನೊಳಗೆ ಬೆಚ್ಚಗಿಟ್ಟುಕೊಳ್ಳಲು.

ಚಹಾಕ್ಕೆ ಬಂದಿದ್ದ ರಶೀದಭಾಯಿ ಅಂಪೈರ್ ಆದರು. "ಭಾಭಿ ಹೇಳೋದು ಖರೆ ಅದ, ಸಾಹೇಬ್ರ. ಮೊದ್ಲು ಫ್ರಿಜ್ಜಿನ್ಯಾಗ ಪಾಸ್ ಆಗ್ಲಿ, ಆಮ್ಯಾಲ ಹಿಮಾಲಯ."

ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಪರದೆ ಬೆಳಗುತ್ತಿರುವಾಗಲೇ ಒಳಗಿಟ್ಟೆ. ತಾಸಿನ ಬಳಿಕ ತೆಗೆದರೆ ಕಗ್ಗತ್ತಲು. ಇವರು ಗುಂಡಿ ಒತ್ತಿದರು, ಕೊಡವಿದರು, ಬಾಯಿಂದ ಊದಿದರು. ಉಹೂಂ.

"ಬಟಾಣಿ ಮಾತ್ರ ಚಲೋ ಅದಾವ ನೋಡ್ರಿ" ಅಂದರು ರಶೀದಭಾಯಿ.

ಇವರು ಮುಖ ತಿರುಗಿಸಿಕೊಂಡೇ ಮೂರನೆಯ ಟಿಕೆಟ್ ಬುಕ್ ಮಾಡಿದರು.

ಈಗ ನಿಮಗೊಬ್ಬರಿಗೇ ಒಂದು ಮಾತು. ಅಂದು ಇವರು ಸ್ನಾನಕ್ಕೆ ಹೋದಾಗ ಅಡುಗೆಮನೆಯ ಗಡಿಯಾರವನ್ನು ಕೆಳಗಿಳಿಸಿದ್ದೆ. ಅದರೊಳಗಿದ್ದ ಮುದಿ ಸೆಲ್, ಜೊತೆಗೆ ಡ್ರಾಯರಿನಲ್ಲಿ ಬಿದ್ದಿದ್ದ ಇನ್ನೊಂದು ಮುದಿ ಸೆಲ್ ಯಂತ್ರಕ್ಕೆ ಹೋದವು. ದುಬಾರಿ ಲಿಥಿಯಂ ಸೆಲ್ ಒಂದು ತಾಸು ನಮ್ಮ ಗಡಿಯಾರವನ್ನು ನಡೆಸಿತು. ಫ್ರೀಜರಿನಲ್ಲಿಡುವಾಗಲೇ ಯಂತ್ರದ ಪರದೆಯ ಮೂಲೆಯಲ್ಲಿ ಬ್ಯಾಟರಿಯ ಪುಟ್ಟ ಗುರುತು ಖಾಲಿಯಾಗಿ ಮಿನುಗುತ್ತಿತ್ತು. ಗಣಿಯ ಅಂಚನ್ನು ಗೇಣು ತಪ್ಪದಂತೆ ಅಳೆದವರಿಗೆ ಅದು ಕಾಣಲಿಲ್ಲ!

ಮೋಸವೇ? ಪುಸ್ತಿಕೆ ಹೇಳಿದ್ದನ್ನೇ ತುಸು ಬೇಗ ತೋರಿಸಿಕೊಟ್ಟೆ, ಅಷ್ಟೇ. ಲಿಥಿಯಂ ಸೆಲ್‌ಗಳು ಯಂತ್ರಕ್ಕೆ ವಾಪಸಾಗಿವೆ. ಇನ್ನೆರಡು ಜೋಡಿ ನನ್ನ ಸೊಂಟದ ಸಂಚಿಯಲ್ಲಿ ಬೆಚ್ಚಗಿವೆ.

ಇವರು ನನ್ನ ಅಂಕಣವನ್ನು ತಪ್ಪದೆ ಓದುತ್ತಾರೆ ನಿಜ. ಆದರೆ ಇದು ಅಚ್ಚಾಗುವ ದಿನ ನಾವು ಮೂವರೂ ಮೊಣಕಾಲುದ್ದದ ಹಿಮದಲ್ಲಿ ನಿಂತಿರುತ್ತೇವೆ. ಅಲ್ಲಿಗೆ ಪೇಪರ್ ಹಾಕುವವರು ಯಾರಿದ್ದಾರೆ?