ಹುಲ್ಲಿಗೆ ರೈಲು ಹಿಡಿಯೋದಿದ್ಯಾ

ನಿನ್ನೆ ಸಂಜೆ ಪಕ್ಕದ ಮನೆಯವರು ಒಂದು ಅರ್ಜಿ ಕೊಟ್ಟು ಹೋದರು. ನಮ್ಮ ಪಾಂಡವಪುರ ಸ್ಟೇಷನ್ ಬೀದಿಯಲ್ಲಿ ಯಾರೋ ನಾಲ್ಕಂತಸ್ತಿನ ಬಾಡಿಗೆ ಮನೆಗಳನ್ನು ಕಟ್ಟುತ್ತಾರಂತೆ. ಗಾಳಿ ಬೆಳಕು ಹೋಗುತ್ತದೆ, ಬೇಡ ಎಂದು ಬೀದಿಯವರೆಲ್ಲ ಸಹಿ ಹಾಕಬೇಕಂತೆ. ಗಾಳಿ ಬೆಳಕು ನನಗೂ ಇಷ್ಟವೇ. ಪೆನ್ನು ತೆಗೆದೆ. ಅಷ್ಟರಲ್ಲಿ ಹುಲ್ಲು ಹೇರಿದ ಟ್ರಾಕ್ಟರೊಂದು ಹೋಯಿತು. ಭತ್ತದ ಹುಲ್ಲಿನ ವಾಸನೆ ಕಿಟಕಿಯಿಂದ ಒಳಗೆ ಬಂತು ನೋಡಿ, ಪೆನ್ನು ಮುಚ್ಚಿ ಕೂತುಬಿಟ್ಟೆ.

ತೊಂಬತ್ತರ ದಶಕದ ಮಾತು. ಮದುವೆಯಾಗಿ ಸ್ಟೇಷನ್ನಿನಿಂದ ಮೂರು ಮೈಲಿ ದೂರದ ಹಳ್ಳಿಗೆ ಬಂದಿದ್ದೆ. ಮೈಸೂರಿನ ಕಚೇರಿಯೊಂದರಲ್ಲಿ ಟೈಪಿಸ್ಟ್ ಕೆಲಸ, ಅದೂ ಹಂಗಾಮಿ. ಬೆಳಗಿನ ರೈಲಿಗೆ ಜಬ್ಬಾರ್ ಸಾಬರ ಜಟಕಾವೇ ಗತಿ. ಅವರ ಮುದಿ ಕುದುರೆ ಹಸಿರು ಕಂಡಲ್ಲೆಲ್ಲ ನಿಂತು ಯೋಚನೆ ಮಾಡುತ್ತಿತ್ತು. ನಾವು ಸ್ಟೇಷನ್ ಮುಟ್ಟುವ ಹೊತ್ತಿಗೆ ಎಷ್ಟೋ ದಿನ ರೈಲಿನ ಬೆನ್ನು ಕಾಣುತ್ತಿತ್ತು. "ಇನ್ನೊಂದು ಸಲ ತಡವಾದರೆ ಬರಲೇಬೇಡಿ" ಎಂದರು ಕಚೇರಿಯ ಸಾಹೇಬರು. ನನ್ನದು ಅಂತ ನನಗಿದ್ದದ್ದು ಆ ಕೆಲಸ ಒಂದೇ. ಅಂದು ಸಂಜೆ ಊರಿಗೆ ಮರಳಲು ಜಟಕಾದಲ್ಲಿ ಕೂತವಳು ಅತ್ತುಬಿಟ್ಟೆ.

ಜಬ್ಬಾರ್ ಸಾಬರು ಗಾಡಿಯನ್ನು ಸ್ಟೇಷನ್ ಎದುರಿನ ಜವರಮ್ಮನ ಮನೆಗೆ ತಿರುಗಿಸಿದರು. ಆಕೆಯ ಗಂಡ ಬಾಡಿಗೆಗೆಂದು ಸಾಲಾಗಿ ಮೂರು ಮನೆ ಕಟ್ಟಿಸಿ ತೀರಿಕೊಂಡಿದ್ದರು. ಮೂರರಲ್ಲೂ ಎಮ್ಮೆಗಳ ಹುಲ್ಲು ಸಂಸಾರ ಹೂಡಿತ್ತು.

"ಯಾರ್ಗೂ ಕೊಡಕಿಲ್ಲ ಕಣ್ಲಾ ಜಬ್ಬಾರ. ಜನ ಜಗ್ಳ ಆಡ್ತಾರೆ. ಉಲ್ಲು ಸುಮ್ಕೆ ಬಿದ್ದಿರ್ತದೆ" ಎಂದರು ಜವರಮ್ಮ.

"ಉಲ್ಲಿಗೇನು ರೈಲು ಇಡಿಯೋದದಾ ಜವರಕ್ಕ? ಅದು ತಾರಸಿ ಮ್ಯಾಲೂ ಬಿದ್ದಿರ್ತದೆ. ರೈಲು ಇಡೀಬೇಕಾದೋಳು ಈಯಮ್ಮ."

"ಇವ್ಳು ಇಲ್ಲಿಗೆ ಬಂದ್ಬುಟ್ರೆ ನಿನ್ನ ಗಾಡಿ ಅತ್ತೋರ್ಯಾರ್ಲಾ?"

"ನನ್ ಕುದ್ರೆ ದೆಸೆಯಿಂದ ಈಯಮ್ಮನ ಕೆಲ್ಸ ಹೋದ್ರೆ ನಂಗೆ ಅನ್ನ ಇಳೀತದಾ?"

ಜವರಮ್ಮ ಎದ್ದು ಹೋಗಿ ಏಣಿ ತಂದು ತಾರಸಿಗೆ ಒರಗಿಸಿದರು. ಭಾನುವಾರ ಒಂದು ಮನೆಯ ಹುಲ್ಲು ತಾರಸಿ ಹತ್ತಿತು. ನಾನೂ ನಮ್ಮ ಯಜಮಾನರೂ ಪಾತ್ರೆಪಗಡದೊಂದಿಗೆ ಕೆಳಗೆ ಸೇರಿಕೊಂಡೆವು.

ಬೆಳಿಗ್ಗೆ ಜವರಮ್ಮ ಮೇಲಿಂದ ಎಮ್ಮೆಗೆ ಹುಲ್ಲು ಎಸೆದ ಸದ್ದಾದರೆ ನಾನು ಜಡೆ ಹಾಕಲು ಕೂರುತ್ತಿದ್ದೆ. ಗಡಿಯಾರ ಬೇಕಿರಲಿಲ್ಲ. ತಲೆಯಲ್ಲಿ ಎರಡೆಳೆ ಹುಲ್ಲು ಸಿಕ್ಕಿಸಿಕೊಂಡೇ ಕಚೇರಿಗೆ ಹೋಗುತ್ತಿದ್ದೆ. "ಎಮ್ಮೆ ಕರೆದು ಬಂದ್ರಾ?" ಎಂದು ಸಾಹೇಬರೇ ನಕ್ಕರು. ತಡವಾಯಿತು ಎಂದು ಮಾತ್ರ ಮತ್ತೆ ಅನ್ನಲಿಲ್ಲ.

ಆಮೇಲೆ ಇನ್ನೆರಡು ಮನೆಗೂ ರೈಲು ಹಿಡಿಯುವವರೇ ಬಂದರು. ಮುಂದೆ ಜವರಮ್ಮ ಮಹಡಿಯನ್ನೂ ಎತ್ತಿಸಿದರು. ಹುಲ್ಲು ಮತ್ತೊಂದು ಏಣಿ ಹತ್ತಿತು. ಅವರ ಮಂಡಿ ನೋವು ನೋಡಲಾರದೆ, ರೈಲಿಗೆ ಹೊರಡುವ ಮುನ್ನ ಹುಲ್ಲು ಇಳಿಸುವ ಪಾಳಿಯನ್ನು ಬಾಡಿಗೆಯವರೇ ಹಂಚಿಕೊಂಡೆವು. ಜಗಳ ಇರಲಿಲ್ಲವೇ? ನಲ್ಲಿ ಮುಂದೆ ದಿನಾ ಇತ್ತು. ಜವರಮ್ಮ ಜಗಲಿಯಿಂದಲೇ, "ನಾನೇಳ್ಲಿಲ್ವಾ, ಉಲ್ಲೇ ವಾಸಿ" ಅನ್ನುತ್ತಿದ್ದರು. ಹಾಗನ್ನುತ್ತಲೇ ಎಲ್ಲರ ಮನೆಗೂ ಮಜ್ಜಿಗೆ ಕಳಿಸುತ್ತಿದ್ದರು. ನನ್ನ ಟೈಪಿಸ್ಟ್ ಕೆಲಸ ಮುಂದೆ ಖಾಯಂ ಆಯಿತು. ಈ ಸ್ವಂತ ಮನೆ ಬಂದದ್ದು ಅದರಿಂದಲೇ.

ಇವತ್ತು ಬೆಳಿಗ್ಗೆ ಪಕ್ಕದವರು ಅರ್ಜಿ ಕೇಳಲು ಬಂದರು. ಸಹಿಯಿಲ್ಲದ ಕಾಗದ ನೋಡಿ ಮುಖ ಸಣ್ಣ ಮಾಡಿಕೊಂಡರು.

"ಕಟ್ಲಿ ಬಿಡಿ. ಸ್ಟೇಷನ್ ಹತ್ರ ಮನೆ ಇಲ್ದೆ ಎಷ್ಟು ಜನ ಒದ್ದಾಡ್ತಿದಾರೋ" ಎಂದೆ. ಹೇಳುವಾಗಲೇ ಕಣ್ಣು ನಮ್ಮದೇ ಮಹಡಿ ಮೆಟ್ಟಿಲ ಕಡೆ ಹೋಯಿತು. ನನ್ನ ಮಹಡಿಯ ಎರಡು ಕೋಣೆಗಳಲ್ಲಿ ಹನ್ನೆರಡು ವರ್ಷದಿಂದ ಹಳೆಯ ಟ್ರಂಕು, ಹಾಸಿಗೆ, ಮುರಿದ ಕುರ್ಚಿಗಳು ಸುಮ್ಮನೆ ಬಿದ್ದಿವೆ.

"ನಮ್ಮ ಮಹಡೀನೂ ಬಾಡಿಗೆಗೆ ಕೊಡ್ತೀನಿ" ಎಂದೆ.

"ಆ ಸಾಮಾನೆಲ್ಲ ಎಲ್ಲಿಡ್ತೀರಿ?"

"ತಾರಸಿ ಮೇಲೆ ಶೀಟು ಹಾಕಿಸ್ತೀನಿ" ಎಂದೆ. "ಅವಕ್ಕೇನು, ರೈಲು ಹಿಡಿಯೋದಿದ್ಯಾ?"