ಹೊಳೆಗೆ ಎಂಬ ಒಂದು ಮಾತು

ರಾರಾವಿಯಲ್ಲಿ ಎಲ್ಲರ ಕೈಗೂ ಫೋನು ಬಂದಿದೆ. ಆದರೂ ಕೆಂಚಣ್ಣನ ಹಲಗೆ ಸದ್ದು ಕೇಳದೆ ಯಾರೂ ಯಾವ ಸುದ್ದಿಯನ್ನೂ ನಂಬುವುದಿಲ್ಲ. ಮೂವತ್ತು ವರ್ಷದಿಂದ ಡಂಗುರ ಸಾರುತ್ತಿರುವ ಮನುಷ್ಯ. ಉದ್ದದ ಮಾತನ್ನು ಚುಟುಕಾಗಿ ಕೂಗುವುದೆಂದರೆ ಅವನಿಗೆ ಎಲ್ಲಿಲ್ಲದ ಹೆಮ್ಮೆ. ಆ ಹೆಮ್ಮೆಯೇ ಮುಳುವಾಯಿತು.

ಹೋದ ವರ್ಷ ಚಳಿ ಮುಗಿಯುವಾಗ ಪಂಚಾಯಿತಿಯವರು ಅವನಿಗೊಂದು ಚೀಟಿ ಕೊಟ್ಟರು. ಅಣೆಕಟ್ಟೆಯಾದ ಮೇಲೆ ಹೊಳೆಯ ಮರಳುದಿಬ್ಬಗಳು ಸವೆದಿವೆ. ಹಳ್ಳಗಳು ಹೊಳೆ ಸೇರುವಲ್ಲಿ ಬಿದ್ದಿರುವ ಮರಳನ್ನು ಸೆಳೆತವೇ ಎಳೆದು ದಿಬ್ಬಗಳಿಗೆ ಹಾಕಲೆಂದು ಎರಡು ದಿನ ಹದವಾಗಿ ನದಿಗೆ ನೀರು ಬಿಡುತ್ತಾರೆ. ನಾಳೆ ಮಧ್ಯಾಹ್ನ ಊರು ಮುಟ್ಟುತ್ತದೆ, ಯಾರೂ ಇಳಿಯಬಾರದು. ಇಷ್ಟುದ್ದ ಯಾರು ಕೂಗುತ್ತಾರೆ? "ನಾಳಿ ಮಧ್ಯಾಹ್ನ ನೀರು ಬಿಡ್ತಾರ್ರಪ್ಪೋ" ಎಂದು ಊರೆಲ್ಲ ಸುತ್ತಿ ಬಂದ.

ಮರುದಿನ ಮಧ್ಯಾಹ್ನ ರೇಷನ್ ಸುದ್ದಿ ಸಾರಲು ಹೊರಟಾಗ, ಕಾಲುವೆ ಏರಿಯ ಮೇಲೆ ಗದ್ದೆಯ ಕೊಟ್ಟೂರಪ್ಪ ಸಲಿಕೆ ಹಿಡಿದು ನಿಂತಿದ್ದರು.

"ಏನೋ ಕೆಂಚಣ್ಣ, ನೀರು ಬಿಡ್ತಾರ ಅಂದಿ. ಕಾಲುವ್ಯಾಗ ಹನಿ ಸೈತ ಹೆಚ್ಚಾಗಿಲ್ಲಲ್ಲೋ?"

ಕೆಂಚಣ್ಣ ಥಟ್ಟನೆ ಹೊಳೆಯತ್ತ ತಿರುಗಿದ. ಈ ಸೀಮೆಯಲ್ಲಿ ನೀರು ಬಿಡುವುದೆಂದರೆ ಕಾಲುವೆಗೆ. ಮಳೆಗಾಲವಲ್ಲದಾಗ ಹೊಳೆಗೂ ಬಿಟ್ಟಾರೆಂದು ಯಾರು ಎಣಿಸಿಯಾರು? ಹೆಂಡತಿ ಪಂಪಾವತಿಯ ಸೌತೆ ಬಳ್ಳಿ ಇರುವುದು ಹೊಳೆ ನಡುವಿನ ದಿಬ್ಬದ ಮೇಲೆ. ಅವನು ಏಳುವ ಮೊದಲೇ ಅವಳು ಬುಟ್ಟಿ ಹಿಡಿದು ಹೋಗಿದ್ದಳು.

ಬಿದ್ದೆನೋ ಎದ್ದೆನೋ ಎಂದು ಓಡಿದ. ದಡ ಸೇರುವಾಗ ಕೆಂಪು ನೀರು ದಿಬ್ಬದ ಆಚೆ ಮಗ್ಗುಲನ್ನು ಹಿಡಿದಿತ್ತು. ಪಂಪಾವತಿ ಅದಕ್ಕೆ ಬೆನ್ನು ಮಾಡಿ ಕಾಯಿ ಕೀಳುತ್ತಿದ್ದಳು. ಕೂಗಿದರೆ ಕೇಳುತ್ತಿಲ್ಲ. ಹಲಗೆ ಬಾರಿಸಿದ. ಅವಳು ತಲೆಯೆತ್ತಿ ನಕ್ಕು, ಕೈ ಬೀಸಿ, ಮತ್ತೆ ಬಗ್ಗಿದಳು. ದಿನವೂ ಕೇಳುವ ಡಂಗುರ ತಾನೆ!

"ಹೊಳಿಗೆ! ಹೊಳಿಗೆ ಬಿಟ್ಟಾರ!" ಗಂಟಲು ಹರಿಯುವಂತೆ ಕಿರುಚುತ್ತ ನೀರಿಗಿಳಿದ. ಆಗ ಅವಳು ತಿರುಗಿ ನೋಡಿದಳು. ಬುಟ್ಟಿ ಎಸೆದು ಓಡಿಬಂದಳು. ನಡು ಮಟ್ಟದ ಸೆಳೆತದಲ್ಲಿ ಅವಳ ಕೈ ಸಿಕ್ಕಿತು. ಹಲಗೆ ತೇಲಿಹೋಯಿತು.

ದಡದಲ್ಲಿ ಕುಸಿದು ಕೂತ ಪಂಪಾವತಿ ಸೆರಗು ಹಿಂಡುತ್ತ ಕೇಳಿದಳು: "ಹೊಳಿಗೆ ಅನ್ನಾಕ ನಿನ್ನ ಬಾಯಿ ಸವದು ಹೋಗ್ತಿತ್ತೇನು?"

ನೀರಿಳಿದ ಮೇಲೆ ದಿಬ್ಬದಲ್ಲಿ ಮೊಳಕಾಲುದ್ದ ಹೊಸ ಮರಳು ಬಿದ್ದಿತ್ತು. ಬಳ್ಳಿಯೆಲ್ಲ ಅದರಡಿ ಹೂತುಹೋಗಿತ್ತು. ಅವಳು ಅದರ ಮೇಲೇ ಮತ್ತೆ ಬೀಜ ಊರಿದಳು.

ಈ ವರ್ಷವೂ ನೀರು ಬಿಟ್ಟರು. ಹೊಸ ಹಲಗೆ ಕಟ್ಟಿಕೊಂಡ ಕೆಂಚಣ್ಣ "ಹೊಳಿಗೆ, ಹೊಳಿಗೆ, ಹೊಳಿಗೆ" ಎಂದು ಮೂರು ಸಲ ಸಾರಿದ. ಊರವರು ಅವನನ್ನು ಹೋಳಿಗೆ ಕೆಂಚಣ್ಣ ಎಂದು ರೇಗಿಸಿದರು. ಅವನು ನಗಲಿಲ್ಲ. ತನ್ನ ಮನೆ ಬಾಗಿಲಿಗೆ ಬಂದು ನಾಲ್ಕನೆಯ ಸಲ ಕೂಗಿ, ಒಳಗಿನಿಂದ ಪಂಪಾವತಿ "ಕೇಳಿಸ್ತು, ಮುಂದ ಹೋಗು" ಎನ್ನುವವರೆಗೂ ಅಲ್ಲೇ ನಿಂತಿದ್ದ.